ಅಜ್ಜಿ ಕೇಳಿದ್ದು ಯಾವ ಮನೆ?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು, ವಯಸ್ಸು 26. ಪಕ್ಕದ ಮನೆಯ ಅಜ್ಜಿ ಕಾಣೆಯಾಗಿ 11 ದಿನ ಆಯಿತು. ಸಣ್ಣವನಿದ್ದಾಗ ನನಗೆ ಉಣ್ಣಿಸಿದವರು ಅವರು. ಎರಡು ವರ್ಷದಿಂದ ಮರೆವು ಇತ್ತು, ಸಂಜೆಯಾದರೆ ‘ನಮ್ಮ ಮನಿಗೆ ಹೋಗೂಣು ನಡೀರಿ’ ಅಂತ ಹಟ ಮಾಡುತ್ತಿದ್ದರು. ಕೈಯಲ್ಲಿ ದುಡ್ಡಿಲ್ಲ, ಮೊಬೈಲ್ ಇಲ್ಲ. ಎಲೆಅಡಿಕೆ ಚಂಚಿ ಒಯ್ದಿದ್ದಾರೆ, ಆಧಾರ್ ಕಾರ್ಡ್ ಅದರಲ್ಲೇ ಇರುತ್ತಿತ್ತು. 24 ತಾಸು ಕಾಯಬೇಕು ಅಂತ ಯಾರೋ ಹೇಳಿದ್ದಕ್ಕೆ ಮನೆಯವರು ಮರುದಿನ ದೂರು ಕೊಟ್ಟರು. ಅವತ್ತಿನಿಂದ ನಾನೇ ನೋಟ್‌ಬುಕ್ ಹಿಡಿದು ತನಿಖೆ ಮಾಡುತ್ತಿದ್ದೇನೆ. ಒಂದು ಅಂಗಡಿಯ ಸಿಸಿಟಿವಿಯಲ್ಲಿ ಬೆಳಿಗ್ಗೆ 6.40ಕ್ಕೆ ಅಜ್ಜಿ ಬಸ್ ಸ್ಟ್ಯಾಂಡ್ ಕಡೆ ನಡೆದು ಹೋಗಿದ್ದು ಕಾಣುತ್ತದೆ. ನನಗೆ ಕಿರಿಯ ಮಗನ ಮೇಲೆ ಸಂಶಯ. ಹೊಲದ ವಿಷಯಕ್ಕೆ ಜಗಳ ಇತ್ತು. ಅವನ ಕಾಲ್ ಡಿಟೇಲ್ಸ್ ತೆಗೆಸಿಕೊಡುತ್ತೇನೆ ಅಂತ ಗೆಳೆಯನೊಬ್ಬ ಹೇಳಿದ್ದಾನೆ. ತೆಗೆಸಲಾ? ಎಲ್ಲವನ್ನೂ ವಾಟ್ಸಾಪ್ ಗ್ರೂಪಿಗೆ ಹಾಕಲಾ?
— ಹೆಸರು ಬೇಡ, ಬಾಗಲಕೋಟೆ

ಉತ್ತರ: ತಮ್ಮಾ, ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿದ್ದೆ. ಇಂಥ ಸಂಕಟದಲ್ಲಿ ಇರುವ ಬೇರೆ ಮನೆಗಳಿಗೂ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಚಿಕ್ಕದು ಮಾಡಿದ್ದೇನೆ. ಅದರಲ್ಲಿ ಮೂರು ಪುಟ ಕಿರಿಯ ಮಗನ ಬಗ್ಗೆಯೇ. ಅಜ್ಜಿ ಏನು ಕೇಳುತ್ತಿದ್ದರು ಅನ್ನೋದು ಒಂದೇ ಸಾಲು. ನನಗೆ ಮುಖ್ಯ ಅನಿಸಿದ್ದು ಆ ಒಂದು ಸಾಲು. ನೀವು ಕಳ್ಳನನ್ನು ಹುಡುಕುತ್ತಿದ್ದೀರಿ, ಮೊದಲು ಅಜ್ಜಿಯನ್ನು ಹುಡುಕಬೇಕು.

ಮರೆವಿನ ಕಾಯಿಲೆ ಇರುವವರು ಸುಮ್ನೆ ಅಲೆಯುತ್ತಾರೆ ಅಂತ ನಾವು ತಿಳಿಯುತ್ತೇವೆ. ಬಹಳ ಸಲ ಹಾಗಲ್ಲ. ಅವರು ಎಲ್ಲಿಗೋ ಹೊರಟಿರುತ್ತಾರೆ, ಆ ಜಾಗ ಈಗ ಇಲ್ಲ ಅಷ್ಟೇ. ವಿಜಯಪುರದಲ್ಲಿ ನಮ್ಮ ಸೋದರಮಾವ ಹೀಗೆಯೇ ಹೋದರು. ನಾವು ನಾಲ್ಕು ದಿನ ಸಿದ್ಧೇಶ್ವರ ಗುಡಿ, ಗಾಂಧಿ ಚೌಕ, ರೈಲ್ವೆ ಸ್ಟೇಷನ್ ಎಲ್ಲಾ ಸುತ್ತಿದೆವು. ಮಾವ ಇದ್ದದ್ದು ಒಂದು ಕಲ್ಯಾಣ ಮಂಟಪದ ಗೇಟಿನಲ್ಲಿ. ಮೂವತ್ತು ವರ್ಷದ ಹಿಂದೆ ಅದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿ, ಮಾವ ಅಲ್ಲಿ ಕೆಲಸಕ್ಕೆ ಇದ್ದರು. ದಿನಾ ಬೆಳಿಗ್ಗೆ ಡ್ಯೂಟಿಗೆ ಬಂದು ಕೂತಿದ್ದಾರೆ, ಕಾವಲುಗಾರ ಪಾಪ ರೊಟ್ಟಿ ಕೊಟ್ಟು ನೋಡಿಕೊಂಡಿದ್ದಾನೆ. ಮಾವ ಎಲ್ಲಿ ಕೆಲಸ ಮಾಡಿದ್ದರು ಅಂತ ನಮ್ಮಲ್ಲಿ ಒಬ್ಬರಿಗಾದರೂ ಮೊದಲ ದಿನ ನೆನಪಾಗಿದ್ದರೆ ಸಾಕಿತ್ತು. ಆ ನಾಲ್ಕು ದಿನ ನನಗೆ ಇವತ್ತಿಗೂ ಚುಚ್ಚುತ್ತದೆ.

ನಿಮ್ಮ ಊರಿನ ವಿಷಯ ಇನ್ನೂ ಕಷ್ಟದ್ದು. ನವನಗರವೇ ಮುಳುಗಡೆಯವರಿಗೆ ಕಟ್ಟಿದ ಊರು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಭಾಗ, ಸುತ್ತಲಿನ ಎಷ್ಟೋ ಹಳ್ಳಿ ಹೋದವು. ಅಜ್ಜಿ ‘ನಮ್ಮ ಮನಿ’ ಅಂದಾಗ ಯಾವ ಮನೆ ಅಂತ ನಾನು ಫೋನಿನಲ್ಲಿ ಕೇಳಿದೆ. ನೀವು ಸುಮ್ಮನಾದಿರಿ. ಗಂಡನ ಮನೆ ನೀರಿನಲ್ಲಿದೆ ಅಂತ ಆಮೇಲೆ ಹೇಳಿದಿರಿ. ಹೇಳೋಕೆ ಕಷ್ಟ, ಆದರೂ ಹೇಳಬೇಕು: ಹಿನ್ನೀರಿನ ದಂಡೆ ಮೊದಲು ನೋಡಬೇಕು. ನೀವೊಬ್ಬರೇ ಹೋಗಬೇಡಿ. ಪೊಲೀಸರಿಗೆ ಈ ಮಾತು ಸ್ಪಷ್ಟವಾಗಿ ಹೇಳಿ, ಮೀನು ಹಿಡಿಯುವವರನ್ನು ಕೇಳಿ. ಆಸ್ಪತ್ರೆಗಳಲ್ಲೂ ವಿಚಾರಿಸಬೇಕು, ಗುರುತು ಸಿಗದೆ ದಾಖಲಾದವರು ಯಾರಾದರೂ ಇದ್ದಾರಾ ಅಂತ.

ಇನ್ನು ‘ದುಡ್ಡಿಲ್ಲ, ದೂರ ಹೋಗಿರಲಿಕ್ಕಿಲ್ಲ’ ಅಂತ ಬರೆದಿದ್ದಿರಿ. ಚಂಚಿಯಲ್ಲಿ ಆಧಾರ್ ಇತ್ತು ಅಂತಲೂ ನೀವೇ ಬರೆದಿದ್ದೀರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಅಂದರೆ ಬರಿಗೈಯಲ್ಲಿ ಹೊರಟ ಅಜ್ಜಿ ಅದೇ ಸಂಜೆಗೆ ಬೀದರ್‌ನಲ್ಲೂ ಇರಬಹುದು, ಅಲ್ವಾ? ಶೂನ್ಯ ಟಿಕೆಟ್ ಕೊಟ್ಟಿರುತ್ತಾರೆ. ಆ ಬೆಳಿಗ್ಗೆ ಏಳರ ಸುಮಾರಿಗೆ ಬಿಟ್ಟ ಬಸ್ಸುಗಳ ಕಂಡಕ್ಟರ್‌ಗಳನ್ನು ಫೋಟೊ ಹಿಡಿದು ಕೇಳಿ. ಬಾಗಲಕೋಟೆ ವಾಯವ್ಯ ಕರ್ನಾಟಕ ಸಾರಿಗೆಗೆ ಸೇರಿದೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ. ಎರಡೂ ಕಡೆಯ ಬಸ್ಸು ನಿಮ್ಮ ಸ್ಟ್ಯಾಂಡಿಗೆ ಬರುತ್ತವೆ, ಒಂದೇ ಡಿಪೋದಲ್ಲಿ ಕೇಳಿ ಬಿಡಬೇಡಿ. ರೈಲನ್ನೂ ಮರೆಯಬೇಡಿ. ಗದಗಿನಿಂದ ಹೋಟಗಿಗೆ ಹೋಗುವ ದಾರಿಯಲ್ಲೇ ನಿಮ್ಮ ಸ್ಟೇಷನ್ ಇದೆ, ಆಚೆ ಸೊಲ್ಲಾಪುರ. ವಯಸ್ಸಾದವರನ್ನು ಎಷ್ಟೋ ಸಲ ಯಾರೂ ಟಿಕೆಟ್ ಕೇಳುವುದೂ ಇಲ್ಲ. ರೈಲ್ವೆ ಸಹಾಯವಾಣಿ 139ಕ್ಕೆ ಹೇಳಿ, ಪೋಸ್ಟರ್ ಮರಾಠಿಯಲ್ಲೂ ಮಾಡಿಸಿ. ಹಿರಿಯರ ಸಹಾಯವಾಣಿ 14567 ಇದೆ, ಅಲ್ಲಿಗೂ ಹೇಳಿ.

ಸಿಸಿಟಿವಿ ನೋಡಿದ್ದು ಒಳ್ಳೆ ಕೆಲಸ. ಆದರೆ ಆ ಕ್ಯಾಮೆರಾದ ಗಡಿಯಾರ ಸರಿ ಇದೆಯಾ ನೋಡಿದಿರಾ? ಎಷ್ಟೋ ಅಂಗಡಿಗಳಲ್ಲಿ ಅದು ಅರ್ಧ ತಾಸು ಹಿಂದೆ ಮುಂದೆ ಇರುತ್ತದೆ. ನಿಮ್ಮ ಮೊಬೈಲ್ ಸಮಯ, ಕ್ಯಾಮೆರಾ ಸಮಯ ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. 6.40 ಅನ್ನೋದು 7.10 ಆದರೆ ಬಸ್ಸೇ ಬೇರೆ ಆಗುತ್ತದೆ. ಹಳೆ ರೆಕಾರ್ಡಿಂಗ್ ಹದಿನೈದು, ಮೂವತ್ತು ದಿನಕ್ಕೆ ತಾನಾಗಿ ಅಳಿಸಿ ಹೋಗುವುದು ಜಾಸ್ತಿ. ಅದನ್ನು ಕಾಯ್ದಿಡಿಸಿ ಅಂತ ತನಿಖಾಧಿಕಾರಿಗೆ ಇವತ್ತೇ ಲಿಖಿತವಾಗಿ ಕೊಡಿ.

ಪೋಸ್ಟರಿನಲ್ಲಿ ‘ಇಳಕಲ್ ಸೀರೆ’ ಅಂತ ಬರೆದರೆ ನಮ್ಮ ಕಡೆ ಅರ್ಧ ಅಜ್ಜಿಯಂದಿರು ಅದೇ ಸೀರೆ. ಬಣ್ಣ, ದಡಿ, ಸೆರಗು, ಕುಪ್ಪಸ ಬಿಡಿಸಿ ಬರೆಯಿರಿ. ಎಡಗೈ ಮೇಲಿನ ಹಚ್ಚೆ ಮಾತ್ರ ಬರೆಯಬೇಡಿ. ‘ಅಜ್ಜಿ ನಮ್ಮ ಹತ್ತಿರ ಇದ್ದಾರೆ, ಮೊದಲು ಐದು ಸಾವಿರ ಫೋನ್‌ಪೇ ಮಾಡಿ’ ಅನ್ನುವ ಫೋನ್ ಬಂದಾಗ ಹಚ್ಚೆ ಏನಿದೆ ಅಂತ ಕೇಳಲು ಅದು ಬೇಕಾಗುತ್ತದೆ.

ಈಗ ಕಿರಿಯ ಮಗನ ವಿಷಯ. ಕಾಲ್ ಡಿಟೇಲ್ಸ್ ತೆಗೆಸಬೇಡಿ, ಅದು ಅಪರಾಧ. ಪೊಲೀಸರು ಬೇಕಾದರೆ ಅವರೇ ತರಿಸುತ್ತಾರೆ. ನೀವು ಕಂಡದ್ದು ಏನು, ಯಾವತ್ತು, ಎಷ್ಟು ಹೊತ್ತಿಗೆ ಅಂತ ಬರೆದು ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅಲ್ಲಿ ಕೆಲಸ ನಿಧಾನ ಅನಿಸಿದರೆ ಎಸ್‌ಪಿ ಕಚೇರಿಗೆ ಬರೆಯಿರಿ. ಗ್ರೂಪಿಗೆ ಅವನ ಹೆಸರು ಹಾಕಲೇಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಈ ಕಿರಿಯ ಮಗ ತಪ್ಪು ಮಾಡಿಲ್ಲದಿದ್ದರೆ, ತಾಯಿ ಕಳೆದುಕೊಂಡು ಕೂತವನ ಮೇಲೆ ಊರನ್ನೇ ಬಿಟ್ಟಂತೆ. ಮಾಡಿದ್ದರೆ, ಎಚ್ಚರಿಕೆ ಕೊಟ್ಟಂತೆ.

24 ತಾಸು ಕಾಯುವ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಓದುಗರೇ, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಕಾಣದಾದ ತಾಸಿನಲ್ಲೇ 112ಕ್ಕೆ ಫೋನ್ ಮಾಡಬಹುದು, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಈ ಪುಟ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ನೀವೇ ಫೋನ್ ಮಾಡಿದಿರಿ. ಅಜ್ಜಿಯ ಹಿರಿಯ ಮಗಳನ್ನು ಕೇಳಿದ್ದೀರಂತೆ. ‘ನಮ್ಮ ಮನಿ’ ಅಂದರೆ ಅವ್ವನ ಬಾಯಲ್ಲಿ ಗಂಡನ ಮನೆ ಅಲ್ಲ, ಇಂಡಿ ಹತ್ತಿರದ ತವರು, ಅಲ್ಲಿ ಈಗ ಯಾರೂ ಇಲ್ಲ, ಬೀಗ ಹಾಕಿದ ಮನೆ ಅಂದರಂತೆ. ಫೋಟೊ ಅಲ್ಲಿನ ಠಾಣೆಗೆ ಮುಟ್ಟಿದೆ. ಬೆಳಗಿನ ಬಸ್ಸಿಗೆ ನೀವು, ಆ ಮಗಳು ಇಬ್ಬರೂ ಹೊರಟಿದ್ದೀರಿ. ಅಕ್ಕಪಕ್ಕದ ಮನೆಗಳಲ್ಲಿ, ಗುಡಿಯಲ್ಲಿ ನಿಧಾನವಾಗಿ ಕೇಳಿ. ಅಜ್ಜಿಯನ್ನು ಈಗಿನ ಹೆಸರಿನಿಂದ ಮಾತ್ರ ಕೇಳಬೇಡಿ, ಮದುವೆಗೆ ಮೊದಲು ತವರಿನಲ್ಲಿ ಏನಂತ ಕರೆಯುತ್ತಿದ್ದರೋ ಆ ಹೆಸರಿನಿಂದಲೂ ಕೇಳಿ.