ಕ್ರಿಸ್‌ಮಸ್ ತಯಾರಿಯಲ್ಲೇ ದಣಿದುಹೋಗದೆ ಸಂಪ್ರದಾಯ ಉಳಿಸಿಕೊಳ್ಳುವುದು ಹೇಗೆ?

ಮದುವೆಯ ನಂತರದ ಮೊದಲ ಕ್ರಿಸ್‌ಮಸ್, ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಚೇರಿ, ಮಂಗಳೂರಿನ ಅತ್ತೆಯ ಮನೆಯಲ್ಲಿ ಹತ್ತು ಬಗೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ, ಮಾಡುವ ರೂಢಿ. ಅಷ್ಟನ್ನೂ ಮಾಡದಿದ್ದರೆ ಸಂಪ್ರದಾಯ ಬಿಟ್ಟಂತಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಉಡುಪಿ ಕಡೆಯ ಕಥೋಲಿಕ ಮನೆಯವಳು. 19 ವರ್ಷಗಳಿಂದ ಹಬ್ಬದ ಅಡುಗೆಮನೆ ನನ್ನ ಕೈಯಲ್ಲಿದೆ. ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಒಂದು ಡಿಸೆಂಬರ್ ಕಣ್ಣ ಮುಂದೆ ಬಂತು.

ಆ ವರ್ಷ ಒಂಬತ್ತು ಬಗೆ ಮಾಡಿದ್ದೆ. ನೆವ್ರಿ (ಕರ್ಜಿಕಾಯಿ), ಕಿಡಿಯೊ, ಕೊಕ್ಕಿಸಾಂ (ಅಚ್ಚಿನಲ್ಲಿ ಕರಿಯುವ ಹೂವಿನಾಕಾರದ ತಿಂಡಿ), ಗುಳಿಯೊ, ತುಕ್ಡಿ, ಚಕ್ಕುಲಿ, ಅಕ್ಕಿ ಲಾಡು, ಪೇರಳೆ ಹಣ್ಣಿನ ಪೆರಾಡ್, ಕೇಕ್. ಎಲ್ಲವನ್ನೂ ಒಬ್ಬಳೇ, ಕೆಲಸದಿಂದ ಬಂದ ಮೇಲೆ, ರಾತ್ರಿ ಹನ್ನೆರಡರವರೆಗೆ ಕುಳಿತು. ಮಗಳಿಗೆ ಆಗ ಆರು ವರ್ಷ. ಕಿಡಿಯೊ ಸುತ್ತುವಾಗ ಹತ್ತಿರ ಬಂದು ಹಿಟ್ಟಿಗೆ ಕೈ ಚಾಚಿದಳು. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆಯೋ ಹೊಸ ಬಾಚಣಿಗೆಯ ಹಲ್ಲುಗಳ ಮೇಲೆಯೋ ಒತ್ತಿ ಸುರುಳಿ ಸುತ್ತಿದರೆ ಗೆರೆ ಗೆರೆಯಾಗಿ ಹುಳುವಿನಂತೆಯೇ ಕಾಣುತ್ತದೆ. ಮಕ್ಕಳಿಗೆ ಅದಕ್ಕಿಂತ ಇಷ್ಟದ ಕೆಲಸವಿಲ್ಲ. ನಾನು ಮಾತ್ರ, "ಆಕಾರ ಕೆಡುತ್ತದೆ, ಹೊರಗೆ ಹೋಗಿ ಆಡಿಕೋ" ಎಂದು ಕಳುಹಿಸಿಬಿಟ್ಟೆ. ಹಬ್ಬದ ರಾತ್ರಿ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಮಹಿಮಾ ಗೀತೆಗೆ (ಗ್ಲೋರಿಯಾ) ಗಂಟೆಗಳು ಮೊಳಗಿದಾಗ ನನಗೆ ಸೊಂಟದ ನೋವಿನ ಹೊರತು ಬೇರೇನೂ ತಿಳಿಯುತ್ತಿರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಆ ಗೀತೆಯನ್ನು ಹಾಡುವುದಿಲ್ಲ. ಅಷ್ಟು ದಿನ ತಡೆದಿಟ್ಟದ್ದನ್ನು ಆ ರಾತ್ರಿ ಇಡೀ ಚರ್ಚ್ ಎದ್ದುನಿಂತು ಹಾಡುತ್ತದೆ. ಅದಕ್ಕಾಗಿಯೇ ಕಾಯುವುದು. ನಾನು ಕಾಯಲೇ ಇಲ್ಲ, ಕರಿಯುತ್ತಿದ್ದೆ.

ಹಬ್ಬ ಕಳೆದ ಮೇಲೆ ಅತ್ತೆಯ ಬಳಿ ಕೇಳಿದೆ: "ನಿಮ್ಮ ಕಾಲದಲ್ಲಿ ಇದನ್ನೆಲ್ಲ ಒಬ್ಬರೇ ಹೇಗೆ ಮಾಡುತ್ತಿದ್ದಿರಿ ಅಮ್ಮಾ?" ಅವರು ನನ್ನ ಮುಖವನ್ನೇ ನೋಡಿದರು. "ಒಬ್ಬಳೇ ಯಾರು ಮಾಡಿದರು ಮಗಳೇ ಅಲ್ಲಿ? ನಾನು, ಇಬ್ಬರು ಓರಗಿತ್ತಿಯರು, ನಾದಿನಿ, ಪಕ್ಕದ ಮನೆಯ ಇಬ್ಬರು. ಇವತ್ತು ನಮ್ಮ ಮನೆಯ ನೆವ್ರಿಯಾದರೆ ನಾಳೆ ಅವರ ಮನೆಯದು. ಗಂಡಸರು ತೆಂಗಿನಕಾಯಿ ಸುಲಿದು ಕೊಡುತ್ತಿದ್ದರು, ಮಕ್ಕಳು ಕಿಡಿಯೊ ಸುತ್ತುತ್ತಿದ್ದರು."

ನನ್ನ ಕಣ್ಣು ತೆರೆದದ್ದು ಆಗಲೇ. ಕುಸ್ವಾರಿನ ಆ ಉದ್ದದ ಪಟ್ಟಿ ಹುಟ್ಟಿದ್ದು ಹತ್ತಾರು ಕೈಗಳಿದ್ದ ಮನೆಯಲ್ಲಿ. ಮನೆ ಚಿಕ್ಕದಾಯಿತು, ಓರಗಿತ್ತಿಯರು ಮುಂಬೈಗೆ, ದುಬೈಗೆ ಹೋದರು. ಕೈಗಳು ಕಡಿಮೆಯಾದವು, ಪಟ್ಟಿ ಮಾತ್ರ ಹಾಗೆಯೇ ಉಳಿದು ಒಬ್ಬಳ ಹೆಗಲಿಗೆ ಬಿತ್ತು. ಇದನ್ನು ಸಂಪ್ರದಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಸುತ್ತ ಕುಳಿತು ಮಾಡುವುದು ಸಂಪ್ರದಾಯ; ಮಾಡಿದ್ದನ್ನು ತಟ್ಟೆಯಲ್ಲಿಟ್ಟು ನೆರೆಮನೆಗೆ ಕಳುಹಿಸುವುದು ಸಂಪ್ರದಾಯ. ಎಷ್ಟು ಬಗೆ ಎಂಬುದು ಆಯಾ ಮನೆಯ ಶಕ್ತಿಗೆ ಬಿಟ್ಟದ್ದು.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ಲೆಕ್ಕವಿದೆ. ನಿಜವಾಗಿ ಕೆಲಸಕ್ಕೆ ಕೂರುವವರು ಎಷ್ಟು ಜನವೋ ಅಷ್ಟೇ ಬಗೆ. ಕಳೆದ ವರ್ಷ ನಾಲ್ವರಿದ್ದೆವು, ನಾಲ್ಕು ಬಗೆ. ನಿಮ್ಮಲ್ಲಿ ಇಬ್ಬರಿದ್ದೀರಿ, ಎರಡು ಸಾಕು. ನನ್ನನ್ನು ಕೇಳಿದರೆ ಕಿಡಿಯೊ ಮತ್ತು ಕೇಕ್ ಆರಿಸಿಕೊಳ್ಳಿ. ಕಿಡಿಯೊವನ್ನು ಇಬ್ಬರೂ ಮಾತನಾಡುತ್ತಾ ಸುತ್ತಬಹುದು, ಗೆರೆ ಓರೆಯಾದರೂ ಎಣ್ಣೆಗೆ ಬಿದ್ದಾಗ ಎಲ್ಲವೂ ಒಂದೇ. ಕೇಕಿನ ಒಣಹಣ್ಣುಗಳನ್ನು ರಮ್‌ನಲ್ಲಿ ಅಕ್ಟೋಬರಿನಲ್ಲೇ ನೆನೆಹಾಕಿಡಬಹುದು. ರಮ್ ಬೇಡವೆನ್ನುವವರು ಹಿಂದಿನ ರಾತ್ರಿ ಕಿತ್ತಳೆ ರಸದಲ್ಲಿ ನೆನೆಸಿದರೂ ಆಗುತ್ತದೆ. ಕೊಕ್ಕಿಸಾಂ ಸುಂದರ ನಿಜ, ಆದರೆ ಹೊಸ ಕೈಗೆ ಕಷ್ಟ. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಹಿಟ್ಟಿನಲ್ಲಿ ಪೂರ್ತಿ ಮುಳುಗಿಸಿದರೆ ಬಿಡುವುದಿಲ್ಲ. ಅದನ್ನು ಮುಂದೆ ಎಂದಾದರೂ ಊರಿಗೆ ಹೋದಾಗ ಅತ್ತೆಯ ಪಕ್ಕದಲ್ಲಿ ನಿಂತು ಕಲಿಯಿರಿ.

ಉಳಿದದ್ದನ್ನು ಕೊಂಡುಕೊಳ್ಳಿ. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ಹೆಂಗಸರು ಡಿಸೆಂಬರಿನಲ್ಲಿ ಕುಸ್ವಾರ್ ಮಾಡಿ ಮಾರಿ ಮಕ್ಕಳ ಶುಲ್ಕ ಕಟ್ಟುತ್ತಾರೆ. ಅವರ ನೆವ್ರಿ ನಿಮ್ಮ ತಟ್ಟೆಯಲ್ಲಿದ್ದರೆ ಹಬ್ಬಕ್ಕೆ ಕುಂದಾಗುವುದಿಲ್ಲ.

ದಿನಗಳ ವಿಷಯ. ಎಲ್ಲವನ್ನೂ 24ರ ಸಂಜೆಗೆ ಮುಗಿಸಬೇಕೆಂದು ಹೊರಡುವುದೇ ಅರ್ಧ ದಣಿವಿಗೆ ಕಾರಣ. ಪೆರಾಡ್ ನವೆಂಬರಿನಲ್ಲೇ ಮಾಡಿಟ್ಟರೂ ಕೆಡುವುದಿಲ್ಲ. ನೆವ್ರಿಗೆ ಹಸಿ ಕಾಯಿಯ ಬದಲು ಕೊಬ್ಬರಿ ಹಾಕಿದರೆ ಡಬ್ಬಿಯಲ್ಲಿ ವಾರಗಟ್ಟಲೆ ಉಳಿಯುತ್ತದೆ. 22ರ ನಂತರ ನಮ್ಮ ಮನೆಯಲ್ಲಿ ಕರಿಯುವ ಬಾಣಲೆ ಒಲೆಗೇರುವುದಿಲ್ಲ. ಹಬ್ಬದ ಊಟಕ್ಕೆ ಹಂದಿ ಮಾಂಸದ ಬಾಫಾತನ್ನು 24ರ ಬೆಳಿಗ್ಗೆಯೇ ಮಾಡಿಡುತ್ತೇನೆ. ಅದು ಮರುದಿನಕ್ಕೇ ರುಚಿ, ಮಸಾಲೆ ಒಳಗಿಳಿದಿರುತ್ತದೆ. ಸಾನ್ನಾಂ (ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ತಿಂಡಿ) ಹಿಟ್ಟನ್ನು ಕಳ್ಳು ಹಾಕಿ ಹುದುಗಿಸುವುದು ಹಳೆಯ ಕ್ರಮ. ಬೆಂಗಳೂರಿನಲ್ಲಿ ಕಳ್ಳು ಎಲ್ಲಿ ಹುಡುಕುತ್ತೀರಿ, ಯೀಸ್ಟ್ ಹಾಕಿ. ಅದೂ ಆಗದಿದ್ದರೆ ಇಡ್ಲಿ ಮಾಡಿ. ಬಾಫಾತ್ ಜೊತೆ ಇಡ್ಲಿಯೂ ಚೆನ್ನಾಗಿಯೇ ಹೊಂದುತ್ತದೆ.

ಹಬ್ಬ 25ಕ್ಕೆ ಮುಗಿಯುವುದಿಲ್ಲ ಎಂಬುದನ್ನು ನಾವೇ ಮರೆತಿದ್ದೇವೆ. ಅಂದು ಅದು ಶುರುವಾಗುತ್ತದೆ. ಬಾಲ ಯೇಸುವನ್ನು ಕಾಣಲು ಬಂದ ಮೂಡಣದ ಜ್ಞಾನಿಗಳ ಹಬ್ಬ ಸಂಪ್ರದಾಯದಂತೆ ಜನವರಿ 6ಕ್ಕೆ. ಅಲ್ಲಿಯವರೆಗೂ ಬಂಧುಗಳ ಮನೆಗೆ ಹೋಗಬಹುದು, ತಟ್ಟೆ ಕಳುಹಿಸಬಹುದು. ಒಂದೇ ದಿನ ಐದು ಮನೆ ಸುತ್ತಿ ಎಲ್ಲಿಯೂ ಸರಿಯಾಗಿ ಕೂರದೆ ಬರುವುದಕ್ಕಿಂತ ಹೊಸ ವರ್ಷದ ನಂತರ ನಿಧಾನವಾಗಿ ಹೋಗಿ ಬನ್ನಿ.

ಹೊಸ ಬಟ್ಟೆ, ಉಡುಗೊರೆ, ದೀಪದ ಸರ, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಯಲ್ಲಿ ಹಣವಿದ್ದಷ್ಟು ಮಾಡಿ, ಸಾಲ ಮಾತ್ರ ಬೇಡ.

ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು, ಮಾತ್ರ ಬಿಡಬೇಡಿ. ಎಷ್ಟೇ ಚಿಕ್ಕದಾದರೂ ಸರಿ, ರಟ್ಟಿನ ಪೆಟ್ಟಿಗೆ, ಒಂದು ಹಿಡಿ ಒಣ ಹುಲ್ಲು, ನಾಲ್ಕೈದು ಗೊಂಬೆ ಸಾಕು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್‌ಮಸ್ ರಾತ್ರಿ ಏರ್ಪಡಿಸಿದ್ದರಲ್ಲಿಯೂ ಇದ್ದದ್ದು ಒಂದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಡತನದಲ್ಲಿ ಹುಟ್ಟಿದ ಕಂದನನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆಯಾಗಿತ್ತು. ಚರ್ಚುಗಳ ಗೋದಲಿ ಸ್ಪರ್ಧೆಗಳಲ್ಲಿ ಜಲಪಾತ, ರೈಲು ಎಲ್ಲ ಬರುತ್ತವೆ, ಮಕ್ಕಳಿಗೆ ಖುಷಿ. ನಮ್ಮ ಮನೆಯಲ್ಲಿ ಮಗಳು ತೆಂಗಿನ ಚಿಪ್ಪಿನಲ್ಲಿ ರಾಗಿ ಬಿತ್ತುತ್ತಾಳೆ, ಹಸಿರು ಗದ್ದೆ ಸಿದ್ಧವಾಗುತ್ತದೆ. ಬಾಲ ಯೇಸುವಿನ ಜಾಗ 24ರ ರಾತ್ರಿಯವರೆಗೂ ಖಾಲಿ. ಜ್ಞಾನಿಗಳ ಗೊಂಬೆಗಳನ್ನು ಕಿಟಕಿಯ ಬಳಿ ಇಟ್ಟು ದಿನಕ್ಕೆ ಒಂದಿಷ್ಟು ಮುಂದೆ ಸರಿಸುತ್ತೇವೆ. ಇದಕ್ಕೆ ಖರ್ಚಿಲ್ಲ, ಬೆನ್ನು ನೋವಿಲ್ಲ, ಆದರೂ ಇಡೀ ತಿಂಗಳು ಮನೆಯಲ್ಲಿ ಹಬ್ಬ ನಡೆದುಬರುತ್ತಿರುವಂತೆ ಅನಿಸುತ್ತದೆ.

ಇನ್ನು ಅತ್ತೆಗೆ ಹೇಗೆ ಹೇಳುವುದು ಎಂಬ ನಿಮ್ಮ ಅಳುಕು. "ಈ ಸಲ ಆಗುವುದಿಲ್ಲ" ಎಂದು ಹೇಳಲು ಫೋನ್ ಮಾಡಬೇಡಿ. "ಕಿಡಿಯೊ ಮಾಡುತ್ತಿದ್ದೇವೆ, ಹಿಟ್ಟಿಗೆ ತೆಂಗಿನ ಹಾಲು ಎಷ್ಟು ಹಾಕಲಿ ಅಮ್ಮಾ?" ಎಂದು ಕೇಳಲು ಮಾಡಿ. ಸುತ್ತುವಾಗ ಅವರ ಮಗನನ್ನೂ ಪಕ್ಕದಲ್ಲಿ ಕೂರಿಸಿ ವಿಡಿಯೊ ಕರೆಯಲ್ಲಿ ತೋರಿಸಿ. ನನ್ನ ಅತ್ತೆಗೆ ಈಗ 81. ಮೊಬೈಲಿನ ಆ ಬದಿಯಿಂದಲೇ ಹಿಟ್ಟು ಗಟ್ಟಿಯಾಯಿತು, ಸಕ್ಕರೆ ಪಾಕ ಎಳೆ ಬಂದಿಲ್ಲ ಎಂದು ಗಂಟೆಗಟ್ಟಲೆ ಹೇಳುತ್ತಿರುತ್ತಾರೆ. ಎಷ್ಟು ಬಗೆ ಮಾಡಿದಿರಿ ಎಂದು ಈವರೆಗೆ ಒಮ್ಮೆಯೂ ಕೇಳಿಲ್ಲ.

ರಾಗಿ ಬಿತ್ತುವುದಿದ್ದರೆ ಡಿಸೆಂಬರ್ 14ರೊಳಗೆ ಬಿತ್ತಿ. ಹಿಂದಿನ ರಾತ್ರಿ ನೆನೆಸಿಡಿ, ಬಿಸಿಲಿರುವ ಕಿಟಕಿಯಲ್ಲಿ ಇಡಿ, ನೀರು ಚಿಮುಕಿಸಿದರೆ ಸಾಕು, ಸುರಿಯಬೇಡಿ.