ನಲವತ್ತು ಸಾವಿರ ಸಬ್‌ಸ್ಕ್ರೈಬರ್ ಅದಾರ್ರಿ, ನೌಕರಿ ಬಿಡ್ಲೇನ್ರಿ?

ಪ್ರ: ಬೀದರಿನ ಫೈನಾನ್ಸ್ ಕಂಪನಿಯೊಂದರಲ್ಲಿ ವಸೂಲಿ ಕೆಲಸ, ಸಂಬಳ 18,000. ಯೂಟ್ಯೂಬ್‌ನಲ್ಲಿ ನಮ್ಮ ಕಡೆ ಭಾಷೆಯಲ್ಲೇ ಬಿಜಿಎಂಐ (ಮೊಬೈಲಿನ ಗುಂಡಿನಾಟ) ಆಡ್ತಾ ಲೈವ್ ಮಾಡ್ತೀನಿ. 40,000 ಸಬ್‌ಸ್ಕ್ರೈಬರ್ ಅದಾರ. ನೋಡುಗರು ತಿಂಗಳಿಗೆ ಕೊಡೋ ಮೆಂಬರ್‌ಶಿಪ್ ದುಡ್ಡಿನ ಮೇಲೇ ನಿಂತು ನೌಕರಿ ಬಿಡಬಹುದೇನ್ರಿ?

ಉ: 40,000 ಪಕ್ಕಕ್ಕಿಡಿ. ಲೈವ್‌ಗೆ ಎಷ್ಟು ಮಂದಿ ಬರ್ತಾರೆ, ಅದರಲ್ಲಿ ತಿರುಗಿ ಬರುವವರು ಎಷ್ಟು? ಈ ಪ್ರಶ್ನೆ ಕಳಿಸುವವರಲ್ಲಿ ಒಬ್ಬರೂ ಅದನ್ನು ಬರೆಯುವುದಿಲ್ಲ, ಬೇಕಾದ ಲೆಕ್ಕ ಮಾತ್ರ ಅದೇ. ಮುಂದಿನ ಎಂಟು ಲೈವ್‌ಗಳ ಚಾಟ್ ತೆಗೆದು ಹೆಸರು ಬರೆಯಿರಿ. ಐದಕ್ಕಿಂತ ಹೆಚ್ಚು ಸಲ ಕಂಡ ಹೆಸರುಗಳನ್ನು ಎಣಿಸಿ. ಅದರಲ್ಲಿ ಹತ್ತಕ್ಕೆ ಒಬ್ಬ ದುಡ್ಡು ಕೊಡ್ತಾನೆ ಅಂತ ಹಿಡಿಯಿರಿ. ಅದಕ್ಕಿಂತ ಹೆಚ್ಚು ಹಿಡಿದರೆ ಅದು ಲೆಕ್ಕವಲ್ಲ, ಆಸೆ.

ಈಗ ಎಷ್ಟು ಮೆಂಬರ್ ಬೇಕು ನೋಡೋಣ. ಸಂಬಳದ 18,000ಕ್ಕೆ ಇಂಟರ್ನೆಟ್, ಕರೆಂಟು, ಕೆಟ್ಟ ಇಯರ್‌ಫೋನು ಎಲ್ಲ ಸೇರಿಸಿ 22,000 ಅನ್ನಿ. ಯೂಟ್ಯೂಬ್ ಮೆಂಬರ್‌ಶಿಪ್ 59 ರೂಪಾಯಿ ಇಟ್ಟರೆ 18% ಜಿಎಸ್‌ಟಿ ಕಳೆದು ಉಳಿಯುವುದು 50. ಅದರಲ್ಲಿ ಯೂಟ್ಯೂಬ್ 30% ಇಟ್ಟುಕೊಂಡು ನಿಮಗೆ 35 ಕೊಡುತ್ತದೆ. 22,000ಕ್ಕೆ 629 ಮೆಂಬರ್ ಬೇಕು. ಅದೇ 59 ರೂಪಾಯಿಯನ್ನು ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ದುಡ್ಡು ಪಡೆದು ಕೊಡುವ ಕಂಪನಿ) ಪುಟದಲ್ಲಿ ನೀವೇ ಪಡೆದರೆ, ಅವರ 2% ಮತ್ತು ಅದರ ಮೇಲಿನ ಜಿಎಸ್‌ಟಿ ಹೋಗಿ ಕೈಗೆ 57 ರೂಪಾಯಿ ಚಿಲ್ಲರೆ. 382 ಮಂದಿ ಸಾಕು. ಹಾಗಾದರೆ ಎಲ್ಲರನ್ನೂ ಅಲ್ಲಿಗೇ ಕಳಿಸೋಣ ಅನಿಸುತ್ತದೆ. ತಾಳಿ. ಯೂಟ್ಯೂಬ್‌ನಲ್ಲಿ ಬಟನ್ ಕಣ್ಣ ಮುಂದೇ ಇರುತ್ತದೆ. ಲಿಂಕ್ ಒತ್ತಿ ಬೇರೆ ಪುಟಕ್ಕೆ ಹೋಗಿ ನಂಬರ್ ತುಂಬುವಷ್ಟರಲ್ಲಿ ಅರ್ಧ ಜನ ಮತ್ತೆ ಲೈವ್‌ಗೆ ಮರಳಿರುತ್ತಾರೆ. ಎರಡೂ ಇಡಿ. ಹಳಬರಿಗೆ ಮಾತ್ರ ನಿಮ್ಮ ಪುಟದ ಲಿಂಕ್ ಕೊಡಿ.

ತಿಂಗಳ ಆಟೊಪೇ (ಖಾತೆಯಿಂದ ತಾನಾಗಿಯೇ ಆಗುವ ಕಡಿತ) ಕೈಕೊಡುವ ಜಾಗವೂ ಒಂದಿದೆ. ನಿಮ್ಮ ನೋಡುಗರು ಹಾಸ್ಟೆಲ್ ಹುಡುಗರು. 28ನೇ ತಾರೀಕಿಗೆ ಅವರ ಖಾತೆಯಲ್ಲಿ 40 ರೂಪಾಯಿ ಇರುತ್ತದೆ, ಮ್ಯಾಂಡೇಟ್ (ಕಡಿತಕ್ಕೆ ಮೊದಲೇ ಕೊಟ್ಟ ಒಪ್ಪಿಗೆ) ಫೇಲ್. ಕಡಿತದ ದಿನ 2ರಿಂದ 7ರೊಳಗೆ ಬರಲಿ. ಕಡಿತಕ್ಕೆ 24 ಗಂಟೆ ಮೊದಲು ಎಚ್ಚರಿಕೆ ಸಂದೇಶ ಹೋಗಲೇಬೇಕು, ಅದನ್ನು ನೋಡಿದ ತಕ್ಷಣ ರದ್ದು ಮಾಡುವವರೂ ಇದ್ದಾರೆ. ಅದಕ್ಕೇ ‘ಮೂರು ತಿಂಗಳಿಗೆ ಒಮ್ಮೆ 150’ ಎಂಬ ಒಂದೇ ಪಾವತಿಯನ್ನೂ ಇಡಿ, ಮ್ಯಾಂಡೇಟ್ ಗೊಡವೆಯೇ ಇಲ್ಲ. ಪೇಟ್ರಿಯಾನ್ (ಇಂಥದೇ ವಿದೇಶಿ ಮೆಂಬರ್‌ಶಿಪ್ ತಾಣ) ಗಲ್ಫ್, ಅಮೆರಿಕದಲ್ಲಿರುವ ನಮ್ಮವರಿಗೆ ಸರಿ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಆಟೊ ಡೆಬಿಟ್ ನಿಯಮ ಬಂದ ಮೇಲೆ ವಿದೇಶಿ ತಾಣಗಳ ತಿಂಗಳ ಕಡಿತಕ್ಕೆ ಇಲ್ಲಿನ ಕಾರ್ಡ್‌ಗಳು ಕೈಕೊಡುವುದೇ ಹೆಚ್ಚು.

ಮೆಂಬರ್‌ಗಳಿಗೆ ಏನು ಕೊಡ್ತೀನಿ ಅಂತ ಬರೆಯುವ ಮೊದಲು ತಲೆಗೊಂದರಂತೆ ಗುಣಿಸಿ. ‘ಪ್ರತಿಯೊಬ್ಬರ ಜೊತೆ ತಿಂಗಳಿಗೊಂದು ಮ್ಯಾಚ್’ ಎಂದರೆ, ಸ್ಕ್ವಾಡ್‌ನಲ್ಲಿ ಮೂವರಂತೆ 629 ಜನಕ್ಕೆ 210 ಮ್ಯಾಚ್. ಅರ್ಧ ಗಂಟೆಗೊಂದು ಅಂದರೂ 105 ತಾಸು. ಬ್ಯಾಡ್ಜ್, ವಿಡಿಯೊ ಕೊನೆಗೆ ಹೆಸರು, ಎರಡು ದಿನ ಮೊದಲು ನೋಡುವ ಅವಕಾಶ, ಇಷ್ಟೇ ಸಾಕು. ಟೀ ಶರ್ಟ್ ಬೇಡ. ಆಟದ ವಿಡಿಯೊವನ್ನು ಪೂರ್ತಿ ಬೀಗ ಹಾಕಿ ಮಾರುವುದೂ ಬೇಡ. ಎಲ್ಲರಿಗೂ ಉಚಿತವಾಗಿ ಸಿಗಬೇಕು ಎಂಬುದು ಹಲವು ಗೇಮ್ ಕಂಪನಿಗಳ ಷರತ್ತು.

ಕೊನೆಯದು, ನಿಮ್ಮ ಚಾನೆಲ್ ಒಂದೇ ಆಟದ ಮೇಲೆ ನಿಂತಿದೆ. ಪಬ್‌ಜಿ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. ಅದರ ಭಾರತದ ರೂಪವಾದ ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ನಿಂದ ಮಾಯವಾಗಿ ಮರಳಿದ್ದು 2023ರ ಮೇ ತಿಂಗಳಲ್ಲಿ. ಆ ಹತ್ತು ತಿಂಗಳು ನೀವು ಏನು ಆಡುತ್ತಿದ್ದಿರಿ? ವಾರಕ್ಕೊಂದು ದಿನ ಬೇರೆ ಆಟ ಆಡಿ. ಪಟ್ಟಿಯಲ್ಲಿದ್ದ ಹೆಸರುಗಳು ಅಂದೂ ಬಂದರೆ ಅವರು ನಿಮ್ಮವರು, ಇಲ್ಲದಿದ್ದರೆ ಆಟದವರು. ಸತತ ಆರು ತಿಂಗಳು 22,000 ಕೈಗೆ ಬಂದು, ಬ್ಯಾಂಕಿನಲ್ಲಿ ಆರು ತಿಂಗಳ ಮನೆ ಖರ್ಚು ಕೂತ ಮೇಲೆ ರಾಜೀನಾಮೆ ಬರೆಯಿರಿ. ಅಲ್ಲಿತನಕ ವಸೂಲಿಗೆ ಹೋಗಿ.

ಪ್ರ: ಪರದೆ ಮೇಲೆ ನನ್ನ ಫೋನ್‌ಪೇ ಕ್ಯೂಆರ್ ಹಾಕಿದರೆ ಕಮಿಷನ್ ಉಳಿಯುತ್ತದಲ್ಲ? (ಯಾದಗಿರಿ)

ಉ: ಉಳಿಯುತ್ತದೆ, ಖಾತೆ ಫ್ರೀಜ್ ಆಗುವತನಕ. ಯಾರನ್ನೋ ವಂಚಿಸಿ ಪಡೆದ ದುಡ್ಡಿನಲ್ಲಿ ನಿಮಗೆ 100 ರೂಪಾಯಿ ಬಂದಿದ್ದರೂ ಸಾಕು. ಕಳೆದುಕೊಂಡವನು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಾಗ ಆ ದುಡ್ಡು ಹರಿದ ಖಾತೆಗಳಿಗೆಲ್ಲ ತಡೆ ಬೀಳಬಹುದು, ಬಿಡಿಸಲು ಬೇರೆ ರಾಜ್ಯದ ಠಾಣೆಗೆ ಪತ್ರ ಬರೆಯುತ್ತ ಕೂಡಬೇಕು. ಜೊತೆಗೆ ಯುಪಿಐ ಐಡಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಇದ್ದರೆ ಅದೂ ಊರಿಗೆಲ್ಲ ಗೊತ್ತು. ಪೇಮೆಂಟ್ ಪುಟವನ್ನೇ ಬಳಸಿ, ಅದಕ್ಕೆ ಬೇರೆ ಖಾತೆ ಇಡಿ, ಮನೆ ಖರ್ಚಿನ ಖಾತೆ ಮುಟ್ಟಬೇಡಿ. ಅಪ್ಪನ ಫೋನಿನಿಂದ ಹುಡುಗ ಕಳಿಸಿದ ದುಡ್ಡನ್ನು ಅಪ್ಪ ಕೇಳಿದರೆ ವಾದ ಮಾಡದೆ ವಾಪಸ್ ಕೊಡಿ.

ಪ್ರ: ‘ದಾನ’ ಅಂತ ಬರೆಸಿಕೊಂಡರೆ ತೆರಿಗೆ ಇಲ್ಲ ಅಂತ ವಿಡಿಯೊದಲ್ಲಿ ಹೇಳಿದ್ರು. (ಕಲಬುರಗಿ)

ಉ: ಹೇಳಿದವನು ನಿಮ್ಮ ನೋಟಿಸ್‌ಗೆ ಉತ್ತರ ಕೊಡಲು ಬರ್ತಾನೇನು? ನೀವು ಆಡಿ ತೋರಿಸಿದ್ದಕ್ಕೆ ಬಂದ ದುಡ್ಡು ನಿಮ್ಮ ವ್ಯವಹಾರದ ಆದಾಯ. ವರ್ಷಕ್ಕೆ 50,000ದ ತನಕ ಉಡುಗೊರೆಗೆ ತೆರಿಗೆ ಇಲ್ಲ ಎಂಬ ಮಿತಿ ಇದಕ್ಕಲ್ಲ. ಜಿಎಸ್‌ಟಿ ನೋಂದಣಿಯ ಚಿಂತೆ ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಹೆಚ್ಚಿನವರು ಮರೆಯುವುದು ಆಡ್‌ಸೆನ್ಸ್‌ನ (ಯೂಟ್ಯೂಬ್ ದುಡ್ಡು ಬರುವ ಗೂಗಲ್ ಖಾತೆ) ಅಮೆರಿಕ ತೆರಿಗೆ ಫಾರಂ. ಅದನ್ನು ತುಂಬದಿದ್ದರೆ ಇಡೀ ಗಳಿಕೆಯಲ್ಲಿ 24% ತನಕ ಕಡಿತವಾಗಬಹುದು. ಪ್ಯಾನ್ ಹಾಕಿ ಭಾರತ-ಅಮೆರಿಕ ತೆರಿಗೆ ಒಪ್ಪಂದ ಆರಿಸಿದರೆ ಅಮೆರಿಕದ ನೋಡುಗರಿಂದ ಬಂದ ಪಾಲಿಗೆ ಮಾತ್ರ 15%.

ಪ್ರ: ಕಸ್ಟಮ್ ರೂಮ್‌ಗೆ (ನಾನೇ ಜನ ಕರೆದು ನಡೆಸೋ ಮ್ಯಾಚ್) 30 ರೂಪಾಯಿ ಎಂಟ್ರಿ, ಗೆದ್ದವರಿಗೆ 1,000. ನಡೀತದಾ? (ಶಹಾಬಾದ್)

ಉ: ನಡೆಯುವುದಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ನಡೆಸಿದರೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ. ಕೌಶಲದ ಆಟ ಎಂಬ ವಾದಕ್ಕೂ ಅಲ್ಲಿ ಜಾಗವಿಲ್ಲ. ಬೆಟ್ಟಿಂಗ್ ಆ್ಯಪ್ ಪ್ರಚಾರಕ್ಕೆ ಎರಡು ವರ್ಷ, 50 ಲಕ್ಷ. ಟೆಲಿಗ್ರಾಂನಲ್ಲಿ ‘ಪ್ರಮೋಷನ್ ಮಾಡ್ತೀರಾ ಬ್ರೋ’ ಎಂದವನನ್ನು ಬ್ಲಾಕ್ ಮಾಡಿ.

ಪ್ರ: 2,000ಕ್ಕೆ 10,000 ಸಬ್‌ಸ್ಕ್ರೈಬರ್ ಕೊಡಿಸ್ತಾರಂತೆ. (ಸೇಡಂ)

ಉ: ಅದೇ ದುಡ್ಡಿಗೆ ತೊಗರಿ ಬ್ಯಾಳಿ ತಗೊಳ್ರಿ.

ಪ್ರ: ಬ್ಯಾಸಗಿಯಲ್ಲಿ 40 ನಿಮಿಷಕ್ಕೆ ಫೋನ್ ಕಾದು ಲೈವ್ ತಡವರಿಸುತ್ತದೆ. ಮೊದಲೇ ಫ್ರಿಜ್‌ನಲ್ಲಿ ಇಟ್ಟರೆ? (ಆಳಂದ)

ಉ: ಇಡಬೇಡಿ. ತಣ್ಣಗಾದ ಫೋನ್ ಹೊರಗೆ ಬಂದಾಗ ಒಳಗೆ ನೀರು ಕೂಡುತ್ತದೆ. ಕವರ್ ತೆಗೆಯಿರಿ, ಚಾರ್ಜ್‌ಗೆ ಹಾಕಿ ಆಡುವುದು ನಿಲ್ಲಿಸಿ, ಲೈವ್ ಅನ್ನು 720ಪಿ, 30 ಫ್ರೇಮ್, 3,000 ಕೆಬಿಪಿಎಸ್‌ಗೆ ಇಳಿಸಿ. ತಾಸಿಗೆ ಸುಮಾರು 1.35 ಜಿಬಿ ಡೇಟಾ ಹೋಗುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನದ ಲೈವ್ ಬಿಟ್ಟು ರಾತ್ರಿ ಹತ್ತಕ್ಕೆ ಕೂಡಿ.