ಕ್ಲೋರೆಲ್ಲಾ ಬೆಳೆದಿದೆ, ಎಣ್ಣೆ ಯಾಕಿಲ್ಲ?
ಗಾಳಿಗೆ 2% ಇಂಗಾಲದ ಡೈಆಕ್ಸೈಡ್ ಸೇರಿಸಿದ ಮೇಲೆ ಕ್ಲೋರೆಲ್ಲಾ ಎಂಬ ಏಕಕೋಶ ಹಸಿರು ಪಾಚಿ ದಟ್ಟವಾಗಿ ಬೆಳೆಯಿತು, ಆದರೆ ಎಣ್ಣೆ ಹೆಚ್ಚಲಿಲ್ಲ ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಪಾಚಿ ಚೆನ್ನಾಗಿಯೇ ಇದೆ.

ಬರೀ ಗಾಳಿಯಲ್ಲಿ ಈ ಅನಿಲ ಇರುವುದು ಸುಮಾರು 0.04% ಮಾತ್ರ. ಆಗ ಕೋಶವು ಬೈಕಾರ್ಬನೇಟನ್ನು ಒಳಗೆಳೆದು, ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ರುಬಿಸ್ಕೋ ಕಿಣ್ವದ ಸುತ್ತ ಇಂಗಾಲ ಕೂಡಿಡಲು ಶಕ್ತಿ ಖರ್ಚು ಮಾಡುತ್ತದೆ. 2% ಸಿಕ್ಕರೆ ಆ ಕೆಲಸ ಬಹುತೇಕ ನಿಲ್ಲುತ್ತದೆ, ಶಕ್ತಿ ಬೆಳವಣಿಗೆಗೆ ಹೋಗುತ್ತದೆ. ಸಾರಜನಕ ಇರುವವರೆಗೂ ಕೋಶ ಪ್ರೋಟೀನ್ ಮಾಡಿಕೊಂಡು ವಿಭಜನೆಯಾಗುತ್ತಲೇ ಇರುತ್ತದೆ. ಎಣ್ಣೆ ಕೂಡಿಡುವ ಗರಜೇ ಇಲ್ಲ ಅಲ್ವಾ?

ಪಾಚಿಗೆ ಸಾರಜನಕ ಕೊಡುವ ನೈಟ್ರೇಟ್ ಮುಗಿಯಲಿ, ಅನಿಲ ಮಾತ್ರ ನಿಲ್ಲಿಸಬೇಡಿ. ಸಾಮಾನ್ಯವಾಗಿ ಮೊದಲು ಪಿಷ್ಟ ತುಂಬುತ್ತದೆ, ಆಮೇಲೆ ಎಣ್ಣೆ. ಕಡು ಹಸಿರು ನಿಧಾನವಾಗಿ ಹಳದಿಗೆ ತಿರುಗುತ್ತದೆ. ನೈಲ್ ರೆಡ್ ಬಣ್ಣ ಹಾಕಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಣ್ಣೆಹನಿಗಳು ಬಂಗಾರದ ಹಾಗೆ ಹೊಳೆಯುತ್ತವೆ. ಕೋಶದ ಗೋಡೆ ಗಟ್ಟಿ, ಸ್ವಲ್ಪ ಡಿಎಂಎಸ್‌ಓ ಎಂಬ ದ್ರಾವಕ ಸೇರಿಸಿದರೆ ಬಣ್ಣ ಒಳಗಿಳಿಯುತ್ತದೆ.